ಅಡ್ಡಹೆಸರು ಮತ್ತು ಅಜ್ಜಿಯ ಹೆಸರು



ಪುಣೆಗೆ ಬಂದ ಕನ್ನಡಿಗರನ್ನು ಇಲ್ಲಿನ ಅರ್ಜಿಗಳು ತಪ್ಪದೆ ಕೇಳುವುದು 'ಆಡನಾವ್' ಏನೆಂದು. ಗದಗ, ವಿಜಯಪುರದ ಕಡೆಯವರು ಪಾಟೀಲ, ಬೆಲ್ಲದ, ಉಳ್ಳಾಗಡ್ಡಿ ಎಂದು ಅಡ್ಡಹೆಸರು ಹೇಳಿಬಿಡುತ್ತಾರೆ. ಮೈಸೂರು, ಹಾಸನದ ಕಡೆಯ ಅನೇಕರ ಬಳಿ ಇರುವುದು ಇನಿಷಿಯಲ್ ಮಾತ್ರ: ಒಂದಕ್ಷರ ಊರಿನದು, ಒಂದಕ್ಷರ ಅಪ್ಪನದು. ನಮ್ಮ ಹೆಸರುಗಳಲ್ಲಿ ಊರು, ಹುದ್ದೆ, ಕಸುಬು ಎಲ್ಲಕ್ಕೂ ಜಾಗವಿದೆ. ಅಮ್ಮನಿಗೆ ಮಾತ್ರ ಬಹಳ ಮನೆಗಳಲ್ಲಿ ಇಲ್ಲ. ಕರಾವಳಿಯ ಅಳಿಯಸಂತಾನದ ಕುಟುಂಬಗಳಲ್ಲಿ ತಾಯಿಯಿಂದ ಬರುವ 'ಬಳಿ' ಇದಕ್ಕೆ ಅಪವಾದ.

ಅಡ್ಡಹೆಸರೊಂದನ್ನೇ ನಂಬಿ ವಂಶ ಹುಡುಕುವುದೂ ಕಷ್ಟ. ಗಂಗೂಬಾಯಿ ಹಾನಗಲ್ ಅವರ ತಂದೆ ನಾಡಿಗೇರ, ಪತಿ ಕೌಲಗಿ. ಅವರು ಲೋಕಕ್ಕೆ ಪರಿಚಯವಾದದ್ದು ಒಂದು ಊರಿನ ಹೆಸರಿನಿಂದ. ಸಾಮಾನ್ಯ ಹೆಣ್ಣುಮಕ್ಕಳ ಜಾಡು ಇನ್ನೂ ಬೇಗ ಅಳಿಸಿಹೋಗುತ್ತದೆ. ಮದುವೆಯ ದಿನ ತಟ್ಟೆಯ ಅಕ್ಕಿಯಲ್ಲಿ ಹೊಸ ಹೆಸರು ಬರೆದು, ಅಡ್ಡಹೆಸರಿನ ಜೊತೆ ಇಟ್ಟ ಹೆಸರನ್ನೂ ಬದಲಿಸುವ ಮನೆಗಳಿವೆ. ಉತ್ತರ ಕರ್ನಾಟಕದ ಹೆಳವರು ಎತ್ತಿನ ಮೇಲೆ ಊರೂರು ತಿರುಗಿ ಮನೆತನಗಳ ತಲೆಮಾರು ಹೇಳುತ್ತಾರೆ. ತ್ರ್ಯಂಬಕೇಶ್ವರದ ಪುರೋಹಿತರ ಬಳಿ ವಂಶಾವಳಿಯ ವಹಿಗಳಿವೆ. ಅಲ್ಲಿಯೂ ಎಳೆ ಮುಂದುವರಿಯುವುದು ಮುಖ್ಯವಾಗಿ ಗಂಡುಮಕ್ಕಳಿಂದ.

ಕೆನಡಾದ ಫ್ರೆಂಚ್ ಭಾಷಿಕರ ಕ್ವಿಬೆಕ್ ಪ್ರಾಂತ್ಯದ ಕಥೆ ಬೇರೆ. 1663ರಿಂದ 1673ರವರೆಗೆ ಫ್ರಾನ್ಸಿನ ರಾಜನ ಖರ್ಚಿನಲ್ಲಿ ಸುಮಾರು 800 ಹೆಣ್ಣುಮಕ್ಕಳು ಮದುವೆಯಾಗಿ ನೆಲೆಸಲು ಅಲ್ಲಿಗೆ ಬಂದರು. ಚರ್ಚಿನ ಪಾದ್ರಿಗಳು ಮದುವೆಯ ದಾಖಲೆಯಲ್ಲಿ ವಧುವಿನ ತವರಿನ ಹೆಸರನ್ನೇ ಬರೆದರು. ಸಾಮಾನ್ಯವಾಗಿ ಆಕೆಯ ತಂದೆತಾಯಿಯ ಹೆಸರನ್ನೂ ಸೇರಿಸಿದರು. ನಮ್ಮ ಅಡ್ಡಹೆಸರಿನಂತೆ ಅಲ್ಲೂ 'ದಿ' ಹೆಸರುಗಳಿದ್ದವು. 'ಹೀಗೆ ಕರೆಯಲ್ಪಡುವ' ಎಂದು ಅದರರ್ಥ. ಒಂದೇ ಮನೆಯ ಮಕ್ಕಳಲ್ಲಿ ಒಬ್ಬ ಮೂಲ ಹೆಸರು, ಇನ್ನೊಬ್ಬ ಅಡ್ಡಹೆಸರು ಇಟ್ಟುಕೊಂಡದ್ದುಂಟು. ಆದರೂ ಇಂದು ಅಲ್ಲಿಯವರು ಅಮ್ಮ, ಅಜ್ಜಿ, ಮುತ್ತಜ್ಜಿ ಎಂದು ಹಿಂದೆ ಹಿಂದೆ ಹೋಗಬಲ್ಲರು. 1981ರಿಂದ ಅಲ್ಲಿನ ಕಾನೂನಿನಂತೆ ಮದುವೆಯಾದ ಹೆಣ್ಣಿಗೂ ಹುಟ್ಟಿದ ಹೆಸರೇ ಅಧಿಕೃತ.

ಇದು ಬರೀ ಕುತೂಹಲದ ವಿಷಯವಲ್ಲ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದೆ. ಅಪ್ಪನ ನಂತರ ಜಮೀನಿನ ಖಾತೆ ಬದಲಾಗುವಾಗ ವಂಶವೃಕ್ಷ ಕೊಡಬೇಕು. ಅದರಲ್ಲಿ ಮಗಳ ಹೆಸರೇ ಬಿಟ್ಟುಹೋದರೆ? ತವರಿನಲ್ಲಿ ಸುಮಂಗಲಾ ಆಗಿದ್ದವಳು ಆಧಾರ್‌ನಲ್ಲಿ ಸ್ವಾತಿ ಆಗಿದ್ದರೆ, ಅವರಿಬ್ಬರೂ ಒಬ್ಬಳೇ ಎಂದು ಆಕೆಯೇ ಸಾಬೀತು ಮಾಡಬೇಕು. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ, ದಾಖಲೆಯ 'ಕೀ' ಬದಲಾಗಿ ಕೊಂಡಿ ಕಳಚಿದಂತೆ.

ಮಹಾರಾಷ್ಟ್ರ ಸರ್ಕಾರ ಈಗ ಒಂದು ಹೆಜ್ಜೆ ಇಟ್ಟಿದೆ. 2024ರ ಮೇ 1ರಿಂದ ಹುಟ್ಟಿದ ಮಕ್ಕಳ ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಆಮೇಲೆ ಅಡ್ಡಹೆಸರು ಎಂಬ ಕ್ರಮ. ಆದರೆ ಕಾನೂನು ಮುಂದಿನ ಮಕ್ಕಳಿಗೆ ಆಯಿತು. ಹಿಂದಿನ ಅಜ್ಜಿಯರನ್ನು ನಾವೇ ಬರೆದಿಡಬೇಕು.

ಈ ಸಲ ಊರಿಗೆ ಹೋದಾಗ ಒಂದು ನೋಟ್‌ಬುಕ್ ಒಯ್ಯಿರಿ. ಮನೆಯ ಪ್ರತಿ ಹೆಣ್ಣಿಗೂ ಐದು ಸಂಗತಿ ಬರೆಯಿರಿ: ಹುಟ್ಟಿದಾಗ ಇಟ್ಟ ಹೆಸರು, ಮದುವೆಯ ನಂತರದ ಹೆಸರು, ತವರೂರು, ತಾಯಿಯ ಹೆಸರು, ಮದುವೆಯಾದ ವರ್ಷ. ಅತ್ತೆಯವರನ್ನೂ ಸೋದರತ್ತೆಯರನ್ನೂ ಬಿಡಬೇಡಿ. ಹಳೆಯ ಲಗ್ನಪತ್ರಿಕೆ, ಶಾಲೆಯ ದಾಖಲೆ ಸಿಕ್ಕರೆ ಫೋಟೋ ತೆಗೆದಿಡಿ. ಹೇಳುವವರು ಇರುವಾಗಲೇ ಕೇಳೋಣ.