ರಿಪೇರಿ ಅಂಗಡಿ, ಗಿರಾಕಿಯ ಗುಟ್ಟು ಮತ್ತು ಪೊಲೀಸ್ ಠಾಣೆ



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ವಕೀಲ ಸಾಹೇಬರು ನಿಜಾಮರ ಕಾಲದ ಉರ್ದು ದಫ್ತರ ಓದಿ ಬೆಳೆದು, ಮುಂದೆ ಕನ್ನಡದಲ್ಲಿ ವಾದ ಹೂಡಿದ ತಲೆಮಾರಿನವರು. ಕಕ್ಷಿದಾರ ಹೇಳಿದ ಮಾತನ್ನು ಅವರು ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲವೆಂದು ಅವರ ಕಿರಿಯರು ಇಂದಿಗೂ ನೆನೆಯುತ್ತಾರೆ. ಅಂಥವರ ಹೆಸರಿನ ವೇದಿಕೆಗೆ ನನ್ನನ್ನು ಕರೆದದ್ದು ನನ್ನ ಯೋಗ್ಯತೆಗೆ ಮೀರಿದ ಗೌರವ. ವಿಷಯವನ್ನು ಆರಿಸಿಕೊಂಡದ್ದು ಮಾತ್ರ ನಾನೇ. ಹೆಚ್ಚುಕಡಿಮೆಯಾದರೆ ಸಂಘಟಕರನ್ನು ದೂರಬೇಡಿ.

ಮೂಲ ಪಾಠವನ್ನು ಬೇಗ ಮುಗಿಸುತ್ತೇನೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಅರ್ಜಿದಾರರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಒಡೆಯನ ಅನುಮತಿಯಿಲ್ಲದೆ ಕಂಪ್ಯೂಟರಿನ ಮಾಹಿತಿ ತೆಗೆಯುವುದು, ನಕಲು ಮಾಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮಿಗೆ ಬರುತ್ತದೆ. ಅದರ ಹಿಂದೆ ಅಪ್ರಾಮಾಣಿಕ ಉದ್ದೇಶವಿದ್ದರೆ 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು. ಇದೆಲ್ಲ ಯಾವ ಕೈಪಿಡಿಯಲ್ಲಾದರೂ ಸಿಗುತ್ತದೆ. ನನಗಿರುವ ಸಮಯವನ್ನು ಕೈಪಿಡಿಯಲ್ಲಿ ಸಿಗದ ಒಂದು ಜಗಳಕ್ಕೆ ಇಟ್ಟುಕೊಂಡಿದ್ದೇನೆ: ರಿಪೇರಿಗೆ ಕೊಟ್ಟ ಕಂಪ್ಯೂಟರಿನಲ್ಲಿ ಕಂಡದ್ದನ್ನು ಅಂಗಡಿಯವನು ಪೊಲೀಸರಿಗೆ ಹೇಳಬಹುದೆ, ಹೇಳಲೇಬೇಕೆ?

ಮೊದಲು ಅಂಗಡಿಯನ್ನು ನೋಡೋಣ. ಕಲಬುರಗಿಯ ಸೂಪರ್ ಮಾರ್ಕೆಟಿನಲ್ಲಿ ಮೊಬೈಲ್ ರಿಪೇರಿಗೆ ಕೊಟ್ಟರೆ ಒಂದು ಚೀಟಿ ಬರೆಯುತ್ತಾರೆ. ಹೆಸರು, ನಂಬರು, ದೋಷ, ಮುಂಗಡ, ಅದರ ಪಕ್ಕದಲ್ಲೇ ಒಂಬತ್ತು ಚುಕ್ಕೆ. ಗಿರಾಕಿ ತನ್ನ ಪ್ಯಾಟರ್ನ್ ಲಾಕನ್ನು ಆ ಚುಕ್ಕೆಗಳ ಮೇಲೆ ಗೆರೆ ಎಳೆದು ತೋರಿಸಬೇಕು. ಆ ಚೀಟಿ ಸಂಜೆಯವರೆಗೆ ಕೌಂಟರಿನ ಮೇಲೆ ಎಲ್ಲರ ಕಣ್ಣೆದುರಿಗೆ ಬಿದ್ದಿರುತ್ತದೆ. ಡಿಸ್ಪ್ಲೇ ಬದಲಿಸಲು ಲಾಕ್ ಯಾಕೆ ಬೇಕು ಎಂದರೆ, ಟಚ್ ಚೆಕ್ ಮಾಡಲು ಎನ್ನುತ್ತಾರೆ. ಲ್ಯಾಪ್‌ಟಾಪಿನ ಕಥೆ ಇನ್ನೂ ದೊಡ್ಡದು. ವಿಂಡೋಸ್ ಹೊಸದಾಗಿ ಹಾಕುವ ಮುನ್ನ ಗಿರಾಕಿಯ ಫೈಲುಗಳನ್ನೆಲ್ಲ ಅಂಗಡಿಯ ಹಾರ್ಡ್ ಡಿಸ್ಕಿಗೆ ಬ್ಯಾಕಪ್ ತೆಗೆಯುತ್ತಾರೆ. ಕೆಲಸ ಮುಗಿದ ಮೇಲೆ ಅದನ್ನು ಅಳಿಸುವುದು ಯಾರಿಗೂ ನೆನಪಿರುವುದಿಲ್ಲ. "ನಾವ್ ನೋಡ್ಲಿಕ್ಕಂತ ತೆಗ್ಯಲ್ರಿ ಸರ್, ಕಾಪಿ ಹಚ್ಚಿದ್ರ ಫೋಟೋ ತಾನೇ ಕಾಣ್ತಾವ" ಎಂದ ಒಬ್ಬ ಹುಡುಗ. ಅವನ ಮಾತು ಸುಳ್ಳಲ್ಲ. ಫೋಲ್ಡರ್ ತೆರೆದರೆ ಫೈಲುಗಳು ಪುಟ್ಟ ಪುಟ್ಟ ಚಿತ್ರಗಳಾಗಿ ಸಾಲುಗಟ್ಟುತ್ತವೆ.

ಕಮಲಾಪುರದಲ್ಲಿ ಇದರ ಬಣ್ಣ ಬೇರೆ. ಕೆಂಪು ಬಾಳೆಗೆ ಹೆಸರಾದ, ಈಚೆಗೆ ತಾಲ್ಲೂಕು ಕೇಂದ್ರವಾದ ಆ ಊರಲ್ಲಿ ಝೆರಾಕ್ಸ್, ರೀಚಾರ್ಜ್, ಪಾಸ್‌ಪೋರ್ಟ್ ಫೋಟೋ, ರಿಪೇರಿ ಎಲ್ಲ ಒಂದೇ ಅಂಗಡಿಯಲ್ಲಿ ನಡೆಯುವುದುಂಟು. ಅಲ್ಲಿ ತಂತ್ರಜ್ಞ ಅಪರಿಚಿತನಲ್ಲ, ಗಿರಾಕಿಯ ಸೋದರಮಾವನ ಗೆಳೆಯ. ಹೆಣ್ಣುಮಕ್ಕಳ ಫೋನನ್ನು ತರುವವರು ಅಣ್ಣತಮ್ಮಂದಿರು. "ಹುಡುಗಿ ಫೋನಿನ್ಯಾಗ ಏನೇನ್ ಅದ, ಸ್ವಲ್ಪ ನೋಡಪ್ಪ" ಎಂದು ತಂದೆಯೇ ಕೇಳಿದರೆ ಅವನು ಏನು ಮಾಡಬೇಕು? ಮಗಳಿಗೆ ಇಪ್ಪತ್ತು ವರ್ಷವಾಗಿದ್ದರೆ ತಂದೆಯ ಅನುಮತಿ ಅವಳ ಅನುಮತಿಯಾಗುವುದಿಲ್ಲ. ಪುಟ್ಟಸ್ವಾಮಿ ತೀರ್ಪು ಹಳ್ಳಿಗೆ ಬಂದರೆ ಮೊದಲು ಎದುರಾಗುವ ಪ್ರಶ್ನೆ ಇದು. ಪೊಲೀಸರ ಸರದಿ ಆಮೇಲಿನದು.

ಈಗ ವಾದಕ್ಕೆ ಬರುತ್ತೇನೆ. ಬಾರ್ ಅಸೋಸಿಯೇಷನ್ನಿನ ಚಹಾ ಮೇಜಿನಲ್ಲಿ ನಾನು ಮತ್ತೆ ಮತ್ತೆ ಕೇಳುವ ಮಾತು: ಕೈಯಾರೆ ಅಂಗಡಿಗೆ ಕೊಟ್ಟ ಮೇಲೆ ಗುಟ್ಟೆಲ್ಲಿಯದು? ಇದು ಅಮೆರಿಕದ ಸರಕು. ಅಲ್ಲಿನ ಸುಪ್ರೀಂ ಕೋರ್ಟ್ 1976ರಲ್ಲಿ, ಬ್ಯಾಂಕಿನ ಕೈ ಸೇರಿದ ಕಾಗದಪತ್ರದ ಮೇಲೆ ಗ್ರಾಹಕನಿಗೆ ಖಾಸಗಿತನವಿಲ್ಲ ಎಂದಿತ್ತು. ನಮ್ಮ ಸುಪ್ರೀಂ ಕೋರ್ಟ್ 2004ರಲ್ಲಿ ಹೈದರಾಬಾದಿನ ಜಿಲ್ಲಾ ನೋಂದಣಾಧಿಕಾರಿ ಮತ್ತು ಕೆನರಾ ಬ್ಯಾಂಕ್ ಪ್ರಕರಣದಲ್ಲಿ ಆ ದಾರಿ ಹಿಡಿಯಲಿಲ್ಲ. ಖಾಸಗಿತನ ಅಂಟಿಕೊಂಡಿರುವುದು ವ್ಯಕ್ತಿಗೆ, ಜಾಗಕ್ಕಲ್ಲ; ಕಾಗದ ಬ್ಯಾಂಕಿನಲ್ಲಿದ್ದರೂ ಗುಟ್ಟು ಗ್ರಾಹಕನದೇ ಎಂದಿತು. ನ್ಯಾಯಮೂರ್ತಿ ಲಾಹೋಟಿಯವರು ಬರೆದ ಈ ತೀರ್ಪನ್ನು ನಮ್ಮ ವಿದ್ಯಾರ್ಥಿಗಳು ಮುದ್ರಾಂಕ ಶುಲ್ಕದ ಪ್ರಕರಣವೆಂದು ಪಕ್ಕಕ್ಕಿಡುತ್ತಾರೆ. ನನ್ನ ಮಟ್ಟಿಗೆ ರಿಪೇರಿ ಅಂಗಡಿಯ ಗಿರಾಕಿಗೆ ಇದಕ್ಕಿಂತ ಗಟ್ಟಿಯಾದ ಆಸರೆ ಬೇರೆ ಇಲ್ಲ.

ಎರಡನೆಯ ವಾದ ಮಕ್ಕಳ ರಕ್ಷಣೆಗೆ ದುಡಿಯುವ ಗೆಳೆಯರದು. ಅವರ ಕಾಳಜಿಯ ಬಗ್ಗೆ ನನಗೆ ಗೌರವವಿದೆ, ತರ್ಕದ ಬಗ್ಗೆ ಇಲ್ಲ. ಪೋಕ್ಸೊ ಕಾಯ್ದೆ, 2012ರ 20ನೇ ಕಲಮು ಮಾಧ್ಯಮ, ಹೋಟೆಲ್, ಲಾಡ್ಜ್, ಆಸ್ಪತ್ರೆ, ಕ್ಲಬ್, ಸ್ಟುಡಿಯೋ ಮತ್ತು ಫೋಟೋ ಸೌಲಭ್ಯಗಳ ಸಿಬ್ಬಂದಿಗೆ, ಮಗುವಿನ ಲೈಂಗಿಕ ಶೋಷಣೆಯ ಚಿತ್ರ ಎದುರಾದರೆ ಪೊಲೀಸರಿಗೆ ತಿಳಿಸುವ ಹೊಣೆ ಹೊರಿಸುತ್ತದೆ. ರಿಪೇರಿ ಅಂಗಡಿಯನ್ನೂ ಆ ಸಾಲಿಗೆ ಸೇರಿಸಿ, ಪ್ರತಿ ಹಾರ್ಡ್ ಡಿಸ್ಕನ್ನೂ ಸೋಸಿ ನೋಡಲಿ ಎನ್ನುತ್ತಾರೆ ಇವರು. ಸ್ಟುಡಿಯೋದವನಿಗೆ ಚಿತ್ರ ನೋಡುವುದೇ ಕಸುಬು, ಕಣ್ಣು ಮುಚ್ಚಿಕೊಂಡು ಪ್ರಿಂಟ್ ಹಾಕಲಾಗದು. ಚಾರ್ಜಿಂಗ್ ಪೋರ್ಟ್ ಬದಲಿಸುವವನು ಒಂದು ಫೋಟೋವನ್ನೂ ನೋಡಬೇಕಿಲ್ಲ. ಅವನನ್ನು 20ರ ಪಟ್ಟಿಗೆ ಎಳೆಯುವುದೆಂದರೆ ನೋಡದಿದ್ದವನಿಗೆ ನೋಡಲು ಪರವಾನಗಿ ಕೊಟ್ಟಂತೆ. ಹಾಗೆ ಎಳೆಯುವ ಅಗತ್ಯವೂ ಇಲ್ಲ, ಯಾಕೆಂದರೆ 19ನೇ ಕಲಮು ಎಲ್ಲರಿಗೂ ಅನ್ವಯಿಸುತ್ತದೆ. ಮಗುವಿನ ಮೇಲೆ ಅಪರಾಧ ನಡೆದದ್ದು ಯಾರಿಗೆ ಗೊತ್ತಾದರೂ ಹೇಳಲೇಬೇಕು, ಹೇಳದಿದ್ದರೆ 21ರಡಿ ಆರು ತಿಂಗಳವರೆಗೆ ಜೈಲು. ಒಳ್ಳೆಯ ಉದ್ದೇಶದಿಂದ ಹೇಳಿದವನಿಗೆ ರಕ್ಷಣೆಯೂ ಅದೇ 19ರಲ್ಲಿದೆ. 1997ರಲ್ಲಿ ಬ್ರಿಟನ್ನಿನ ಗಾಯಕ ಗ್ಯಾರಿ ಗ್ಲಿಟರ್ ಇಂಥ ಚಿತ್ರಗಳೊಂದಿಗೆ ಸಿಕ್ಕಿಬಿದ್ದದ್ದು ಬ್ರಿಸ್ಟಲ್ ಬಳಿಯ ರಿಪೇರಿ ಅಂಗಡಿಯವರು ಮಾತಾಡಿದ್ದರಿಂದಲೇ. ಅವರು ಸುಮ್ಮನಿರಬೇಕಿತ್ತು ಎನ್ನುವ ಪಕ್ಷ ನನ್ನದಲ್ಲ.

ಆದರೆ ಗೊತ್ತಾಗುವುದು ಬೇರೆ, ಹುಡುಕುವುದು ಬೇರೆ. ಕ್ಯಾಲಿಫೋರ್ನಿಯಾದ ವೈದ್ಯರೊಬ್ಬರು 2011ರಲ್ಲಿ ಬೆಸ್ಟ್ ಬೈ ಕಂಪನಿಯ ರಿಪೇರಿ ವಿಭಾಗವಾದ ಗೀಕ್ ಸ್ಕ್ವಾಡಿಗೆ ಕೊಟ್ಟ ಕಂಪ್ಯೂಟರಿನಲ್ಲಿ ಸಿಕ್ಕ ಮಗುವಿನ ಆಕ್ಷೇಪಾರ್ಹ ಚಿತ್ರ ಡಿಸ್ಕಿನ ಅಳಿಸಿಹೋದ ಭಾಗದಲ್ಲಿತ್ತು. ಫೋಲ್ಡರ್ ತೆರೆದರೆ ಕಾಣುವಂಥದ್ದಲ್ಲ, ಸಾಫ್ಟ್‌ವೇರ್ ಹಾಕಿ ಎತ್ತಬೇಕು. ಆ ಕಂಪನಿಯ ಕೆಲವು ನೌಕರರಿಗೆ ಎಫ್‌ಬಿಐ ಹಣ ಕೊಟ್ಟಿದ್ದೂ ಬಯಲಾಯಿತು, ಒಬ್ಬರಿಗೆ ಸಂದದ್ದು 500 ಡಾಲರ್. ಕಡೆಗೆ 2017ರಲ್ಲಿ ನ್ಯಾಯಾಧೀಶ ಕಾರ್ಮ್ಯಾಕ್ ಕಾರ್ನಿ, ವಾರಂಟಿಗಾಗಿ ಸಲ್ಲಿಸಿದ ಪ್ರಮಾಣಪತ್ರದಲ್ಲಿ ದಾರಿ ತಪ್ಪಿಸುವ ಮಾತುಗಳಿವೆ ಎಂದು ಮನೆಯ ಶೋಧದಲ್ಲಿ ಸಿಕ್ಕ ಸಾಕ್ಷ್ಯವನ್ನೇ ತಳ್ಳಿಹಾಕಿದರು. ಆರೋಪವನ್ನು ಸರ್ಕಾರವೇ ಹಿಂತೆಗೆದುಕೊಂಡಿತು. ಹಣ ಕೊಟ್ಟು ಖಬರಿಗಳನ್ನು ಸಾಕಿದ್ದರ ಫಲ ಇಷ್ಟು.

ನಮ್ಮಲ್ಲಿ ಹಾಗೆ ತಳ್ಳಿಹಾಕುವ ಪದ್ಧತಿಯೂ ಇಲ್ಲ. ಅಕ್ರಮವಾಗಿ ಪಡೆದ ಸಾಕ್ಷ್ಯವೂ ಪ್ರಸ್ತುತವಾಗಿದ್ದರೆ ಸಲ್ಲುತ್ತದೆ ಎಂದು 1974ರಲ್ಲಿ ವರದಿಯಾದ ಪೂರನ್ ಮಲ್ ತೀರ್ಪು ಹೇಳಿದೆ. ಖಾಸಗಿತನದ ಕಟ್ಟಾ ವಾದಿಗಳು "ಕದ್ದು ನೋಡಿದ್ದನ್ನು ಕೋರ್ಟು ಮುಟ್ಟಬಾರದು" ಎನ್ನುವಾಗ ಇದನ್ನು ಮರೆಯುತ್ತಾರೆ. ಕೋರ್ಟಿನ ಬಾಗಿಲಲ್ಲಿ ಗಿರಾಕಿಗೆ ರಕ್ಷಣೆ ಸಿಗುವುದಿಲ್ಲವೆಂದರೆ ಅದು ಅಂಗಡಿಯ ಕೌಂಟರಿನಲ್ಲೇ ಸಿಗಬೇಕು.

ತಂತ್ರಜ್ಞ ತೀರ್ಪುಗಾರನಾಗಬಾರದು ಎನ್ನಲು ಇನ್ನೊಂದು ಕಾರಣ ನಮ್ಮ ಹೈಕೋರ್ಟಿನಲ್ಲೇ ಇದೆ. 2024ರ ಜುಲೈನಲ್ಲಿ ಏಕಸದಸ್ಯ ಪೀಠ, ಮಕ್ಕಳ ಅಶ್ಲೀಲ ಚಿತ್ರ ನೋಡುವುದಷ್ಟೇ ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮಿನಡಿ ಅಪರಾಧವಲ್ಲವೆಂದು ಒಂದು ಪ್ರಕರಣ ರದ್ದು ಮಾಡಿತು. ಉಪಕಲಮೊಂದು ಗಮನಕ್ಕೆ ಬಂದಿರಲಿಲ್ಲವೆಂದು ಕೆಲವೇ ದಿನಗಳಲ್ಲಿ ಆ ಆದೇಶವನ್ನು ತಾನೇ ಹಿಂಪಡೆಯಿತು. ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಮದ್ರಾಸ್ ಹೈಕೋರ್ಟಿನ ಇಂಥದೇ ತೀರ್ಪನ್ನು ಬದಿಗೊತ್ತಿತು. ನ್ಯಾಯಮೂರ್ತಿಗಳೇ ಎರಡು ಸಲ ಓದಬೇಕಾದ ಕಾನೂನನ್ನು, ಚಿತ್ರದಲ್ಲಿರುವವಳಿಗೆ ಹದಿನೇಳೋ ಹತ್ತೊಂಬತ್ತೋ ಎಂದು ತಿಳಿಯದ ಹುಡುಗ ಸೋಲ್ಡರಿಂಗ್ ಗನ್ ಹಿಡಿದು ನಿರ್ಧರಿಸಬೇಕೆ? ಅವನು ಕಂಡದ್ದನ್ನು ಹೇಳಲಿ, ಪತ್ತೇದಾರಿ ಬೇಡ.

ಕಂಡವನು ದಾರಿ ತಪ್ಪಿದರೆ ಏನಾಗುತ್ತದೆಂಬುದಕ್ಕೆ 2024ರ ಏಪ್ರಿಲ್‌ನ ಹಾಸನವನ್ನು ನೋಡಿ. ಅಲ್ಲಿ ನಡುವೆ ಇದ್ದದ್ದು ರಿಪೇರಿ ಅಂಗಡಿಯಲ್ಲ. ಆದರೂ ಅಲ್ಲಿನ ಅಂದಿನ ಸಂಸದರ ಸಾಧನದಲ್ಲಿದ್ದವೆನ್ನಲಾದ ವಿಡಿಯೋಗಳು ಮತದಾನದ ಹೊತ್ತಿಗೆ ಪೆನ್‌ಡ್ರೈವ್‌ಗಳಲ್ಲಿ ಊರೂರು ಸುತ್ತಿದವು, ಹೆಣ್ಣುಮಕ್ಕಳ ಮುಖಗಳನ್ನೂ ಮರೆಮಾಡಿರಲಿಲ್ಲ. ಆ ಸಂಸದರಿಗೆ 2025ರ ಆಗಸ್ಟ್‌ನಲ್ಲಿ ಒಂದು ಅತ್ಯಾಚಾರ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಯಾಯಿತು, ಆಗಬೇಕಾದದ್ದೇ. ಆ ಪೆನ್‌ಡ್ರೈವ್‌ಗಳಿಂದ ಮುಖ ಎತ್ತಿ ತಿರುಗಲಾರದಂತಾದ ಹೆಂಗಸರ ಲೆಕ್ಕವನ್ನು ಯಾವ ಶಿಕ್ಷೆಯೂ ತೀರಿಸದು. ಗುಟ್ಟಿನ ಒಡೆತನ ಸಾಧನ ಹಿಡಿದವನೊಬ್ಬನದಲ್ಲ, ಚಿತ್ರದಲ್ಲಿರುವವಳದೂ ಹೌದು.

ಹಾಗಾಗಿ ಅಂಗಡಿಯವರಿಗೆ ನನ್ನ ಮಾತು ನೇರ. ಕೆಲಸಕ್ಕೆ ಬೇಡದ ಫೋಲ್ಡರ್ ತೆರೆಯಬೇಡಿ. ಮಗುವಿನ ಮೇಲಿನ ಅಪರಾಧ ಕಣ್ಣಿಗೆ ಬಿದ್ದರೆ ಯಂತ್ರ ನಿಲ್ಲಿಸಿ, ಠಾಣೆಗೆ ಹೋಗಿ. ಸಾಕ್ಷಿಗಿರಲೆಂದು ನಕಲು ತೆಗೆದು ಪರಿಚಯದ ಪೇದೆಗೆ ವಾಟ್ಸಾಪ್ ಮಾಡಿದರೆ 67ಬಿ ನಿಮ್ಮ ಕೊರಳಿಗೇ ಬೀಳುತ್ತದೆ. ಕೊಲೆ, ದರೋಡೆ, ಖೋಟಾ ನೋಟಿನಂಥ ಅಪರಾಧಗಳ ಮಾಹಿತಿ ಕೊಡುವ ಹೊಣೆಯನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 33ನೇ ಕಲಮು ಎಲ್ಲರ ಮೇಲೂ ಹಾಕಿದೆ. ಆದರೆ ಇಬ್ಬರು ವಯಸ್ಕರ ಪ್ರೇಮ, ಅನ್ಯಧರ್ಮದ ಗೆಳೆತನ, ಸರ್ಕಾರವನ್ನು ಬೈದ ಸಂದೇಶ, ಇವು ಪೊಲೀಸರಿಗೂ ಸಲ್ಲವು, ಓಣಿಗೂ ಸಲ್ಲವು. ಈ ಗೆರೆ ದಾಟಿದರೆ ಏನಾಗುತ್ತದೆಂಬುದಕ್ಕೂ ಉದಾಹರಣೆಯಿದೆ: ಹಾಂಗ್‌ಕಾಂಗ್‌ನಲ್ಲಿ ನಟ ಎಡಿಸನ್ ಚೆನ್ ಅವರ ಲ್ಯಾಪ್‌ಟಾಪಿನಿಂದ ಚಿತ್ರ ಕದ್ದ ತಂತ್ರಜ್ಞ 2009ರಲ್ಲಿ ಜೈಲಿಗೆ ಹೋದ.

ಪೊಲೀಸ್ ಅಧಿಕಾರಿಗಳಿಗೂ ಒಂದು ವಿನಂತಿ. 2021ರ ವೀರೇಂದ್ರ ಖನ್ನಾ ತೀರ್ಪಿನಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಸೂರಜ್ ಗೋವಿಂದರಾಜ್ ಅವರು, ತನಿಖಾಧಿಕಾರಿ ತಾನೇ ಕಂಪ್ಯೂಟರ್ ತಡಕಬಾರದು, ಆರಿದ್ದರೆ ಆರಿದ್ದಂತೆಯೇ ಇರಲಿ, ವಿಧಿವಿಜ್ಞಾನ ತಜ್ಞರು ನೋಡಲಿ ಎಂದು ಸೂಚಿಸಿದ್ದಾರೆ. ಪೊಲೀಸನಿಗಿಲ್ಲದ ಸಲಿಗೆಯನ್ನು ರಿಪೇರಿಯವನಿಗೆ ಕೊಡಬೇಡಿ. ನಮ್ಮ ಜಿಲ್ಲೆಯ ಯಾವುದೇ ಠಾಣೆಗೆ ಅಂಥ ದೂರು ಬಂದಾಗ, ಏನು ಕಂಡಿತು ಎಂದು ಕೇಳುವ ಮುನ್ನ ಹೇಗೆ ಕಂಡಿತು ಎಂದು ಕೇಳಿ: ಯಾವ ಕೆಲಸಕ್ಕೆ ಬಂದ ಯಂತ್ರ, ಯಾವ ಫೋಲ್ಡರ್, ಅದನ್ನು ತೆರೆಯಬೇಕಾದದ್ದೇಕೆ, ಜೊತೆಗಿದ್ದವರು ಯಾರು. ಆ ಉತ್ತರವನ್ನು ಎಫ್‌ಐಆರ್‌ನಲ್ಲೇ ಬರೆದುಕೊಳ್ಳಿ. ಇದಕ್ಕೆ ಹೊಸ ಕಾನೂನೇನೂ ಬೇಕಿಲ್ಲ, ನಾಳೆಯಿಂದಲೇ ಮಾಡಬಹುದು.