ದೊಡ್ಡವರಿಲ್ಲದ ಊರಲ್ಲಿ ಲೆಕ್ಕ ಇಡೋರು ಯಾರು?

ಬಸ್ಸಲ್ಲಿ ನಿಂತ್ಕೊಂಡು ಕೇಳ್ತಿರೋರಿಗೆ, ಮಲಗೋಕೆ ಮುಂಚೆ ಇಯರ್‌ಫೋನ್ ಹಾಕ್ಕೊಂಡಿರೋರಿಗೆ, ಪಾತ್ರೆ ತೊಳೀತಾ ಕೇಳ್ತಿರೋರಿಗೆ, ಎಲ್ಲರಿಗೂ ಸ್ವಾಗತ. ಪಾತ್ರೆ ತೊಳೀತಿರೋರು ಇವತ್ತು ಸ್ವಲ್ಪ ಜಾಸ್ತಿ ಗಮನ ಕೊಡಿ. ಇವತ್ತಿನ ವಿಷಯ ನಿಮ್ದೇ.

ಇವತ್ತು ಒಂದು ಸೀರೀಸ್ ಬಗ್ಗೆ ಮಾತಾಡೋಣ. ಹೆಸರು 'ದಿ ಸೊಸೈಟಿ'. ನೆಟ್‌ಫ್ಲಿಕ್ಸ್‌ನಲ್ಲಿ 2019ರ ಮೇ ತಿಂಗಳಲ್ಲಿ ಬಂತು. ಇರೋದು ಒಂದೇ ಸೀಸನ್, 10 ಎಪಿಸೋಡ್. ಮೊದಲೇ ಹೇಳಿಬಿಡ್ತೀನಿ, ಸ್ಪಾಯ್ಲರ್ ಇದೆ. ಬೇಡ ಅನ್ನೋರು ಇಲ್ಲೇ ನಿಲ್ಲಿಸಿ, ನೋಡ್ಕೊಂಡು ಬನ್ನಿ, ಬೇಜಾರಿಲ್ಲ.

ಕಥೆ ಸಿಂಪಲ್. ಅಮೆರಿಕದ ಕನೆಕ್ಟಿಕಟ್ ರಾಜ್ಯದಲ್ಲಿ ವೆಸ್ಟ್ ಹ್ಯಾಮ್ ಅಂತ ಒಂದು ಅನುಕೂಲಸ್ಥರ ಊರು. ಊರು ಕಾಲ್ಪನಿಕ. ಅಲ್ಲಿನ ಹೈಸ್ಕೂಲ್ ಮಕ್ಕಳು ಬಸ್ಸಲ್ಲಿ ಟ್ರಿಪ್‌ಗೆ ಹೊರಡ್ತಾರೆ. ದಾರಿಯಲ್ಲಿ ತೊಂದರೆ ಆಗಿ ಅದೇ ರಾತ್ರಿ ಬಸ್ಸುಗಳು ವಾಪಸ್ ತಂದು ಬಿಡ್ತವೆ. ಇಳಿದು ಮನೆಗೆ ಹೋದ್ರೆ ಅಪ್ಪ ಇಲ್ಲ, ಅಮ್ಮ ಇಲ್ಲ, ಪಕ್ಕದ ಮನೆಯವರೂ ಇಲ್ಲ. ಊರಾಚೆ ಹೋಗೋ ರಸ್ತೆಗಳೆಲ್ಲ ಕಾಡಿಗೆ ಬಂದು ನಿಂತುಬಿಟ್ಟಿವೆ. ಫೋನ್ ಕೆಲಸ ಮಾಡುತ್ತೆ, ಆದ್ರೆ ಅವರವರ ಮಧ್ಯೆ ಮಾತ್ರ. ಇಂಟರ್ನೆಟ್ ಇಲ್ಲ, ಹೊರಗಿನವರು ಯಾರೂ ಸಿಗಲ್ಲ.

ಮೊದಲ ರಾತ್ರಿ ಏನು ಮಾಡ್ತಾರೆ? ನಾವಾದ್ರೂ ಅದನ್ನೇ ಮಾಡ್ತಿದ್ವಿ. ಪಾರ್ಟಿ.

ಇಂಥ ಕಥೆ ಅಂದ ತಕ್ಷಣ ಎಲ್ಲರೂ ಹೇಳೋದು ವಿಲಿಯಂ ಗೋಲ್ಡಿಂಗ್ ಹೆಸರು. 1954ರಲ್ಲಿ ಬಂದ ಅವರ ಕಾದಂಬರಿ 'ಲಾರ್ಡ್ ಆಫ್ ದ ಫ್ಲೈಸ್'. ದ್ವೀಪದಲ್ಲಿ ಸಿಕ್ಕಿಹಾಕ್ಕೊಂಡ ಹುಡುಗರು ಕೊನೆಗೆ ಒಬ್ಬರನ್ನೊಬ್ಬರು ಬೇಟೆಯಾಡೋ ಕಥೆ. ಅದನ್ನ ಓದಿದವರು, ಓದದವರು ಎಲ್ಲರೂ ಕಲಿತ ಪಾಠ ಒಂದೇ: ದೊಡ್ಡವರ ಹಿಡಿತ ತಪ್ಪಿದ್ರೆ ಮಕ್ಕಳು ಮೃಗ ಆಗ್ತಾರೆ. 'ದಿ ಸೊಸೈಟಿ'ಯನ್ನೂ ಬಹಳ ಜನ ಅದೇ ಕನ್ನಡಕ ಹಾಕ್ಕೊಂಡು ನೋಡಿದ್ರು. ನನಗೆ ಹಾಗನ್ನಿಸಲಿಲ್ಲ. ನಾನು ಓದಿದ್ದು ಬಿ.ಕಾಂ. ಹಾಗಾಗಿ ಕೊಲೆಗಿಂತ ಮುಂಚೆ ನನ್ನ ಕಣ್ಣಿಗೆ ಬಿದ್ದಿದ್ದು ಗೋಡೌನು.

ಸೀರೀಸ್ ಶುರುವಾಗೋ ಹೊತ್ತಿಗೆ ಆ ಊರಿನ ಚರ್ಚಿನ ಗೋಡೆ ಮೇಲೆ ಯಾರೋ ಏನೋ ಗೀಚಿರ್ತಾರೆ. ಅದು ಬೈಬಲ್‌ನ ದಾನಿಯೇಲನ ಕಥೆಯಲ್ಲಿ ಬರೋ ಬರಹ. ಒಬ್ಬ ರಾಜನ ಅರಮನೆ ಗೋಡೆ ಮೇಲೆ ಕಾಣಿಸ್ಕೊಂಡ ಅರಾಮಿಕ್ ಪದಗಳು. ಅರ್ಥ ಬಿಡಿಸಿದ್ರೆ ಮೂರು ಕೆಲಸ: ಎಣಿಸೋದು, ತೂಗೋದು, ಪಾಲು ಮಾಡೋದು. ಸೀರೀಸ್ ನೋಡೋರು ಅದನ್ನ ಶಾಪ ಅಂತ ನೋಡ್ತಾರೆ. ನನಗೆ ಅದು ಶಾಪಕ್ಕಿಂತ ಹೆಚ್ಚಾಗಿ ಆ ಮಕ್ಕಳ ಟು-ಡೂ ಲಿಸ್ಟ್ ಥರ ಕಾಣ್ತು. ಒಂದೊಂದಾಗಿ ನೋಡೋಣ.

ಮೊದಲನೇದು, ಎಣಿಸೋದು.

ಟ್ರೇಡಿಂಗ್ ಅಕೌಂಟ್ ನೆನಪಿದೆಯಾ? ಓಪನಿಂಗ್ ಸ್ಟಾಕ್, ಅದಕ್ಕೆ ಪರ್ಚೇಸ್ ಸೇರಿಸು, ಖರ್ಚಾಗಿದ್ದು ಕಳೆ, ಉಳಿದಿದ್ದು ಕ್ಲೋಸಿಂಗ್ ಸ್ಟಾಕ್. ವೆಸ್ಟ್ ಹ್ಯಾಮ್‌ನಲ್ಲಿ ಓಪನಿಂಗ್ ಸ್ಟಾಕ್ ಚೆನ್ನಾಗಿದೆ. ಅಂಗಡಿ ತುಂಬ ಸಾಮಾನು, ಮನೆಮನೆಯಲ್ಲಿ ಫ್ರಿಜ್. ಆದ್ರೆ ಪರ್ಚೇಸ್ ಸೊನ್ನೆ. ಲಾರಿ ಬರಲ್ಲ. ಅಂದ್ರೆ ಪಾರ್ಟಿಯಲ್ಲಿ ತಿಂದ ಒಂದೊಂದು ಚಿಪ್ಸ್ ಪ್ಯಾಕೆಟ್ಟೂ ಮುಂದಿನ ತಿಂಗಳ ಊಟದಿಂದ ಕಳೆದ ಹಾಗೆ. ಜೇಬಲ್ಲಿ ದುಡ್ಡಿದ್ರೂ ಪ್ರಯೋಜನ ಇಲ್ಲ. ಮಾರೋರಿಲ್ಲ, ತರೋರಿಲ್ಲ.

ಇದು ಮೊದಲು ಹೊಳೆಯೋದು ಕಸಾಂಡ್ರಾಗೆ. ಹೃದಯದ ಕಾಯಿಲೆ ಇರೋ ಹುಡುಗಿ ಅವಳು. ಸಾವನ್ನ ಹತ್ತಿರದಿಂದ ನೋಡಿದವಳು, ಹಾಗಾಗಿ ನಾಳೆ ಬಗ್ಗೆ ಯೋಚಿಸೋ ಅಭ್ಯಾಸ ಇದೆ ಅಂತ ನಾನು ಅಂದ್ಕೊಂಡೆ. ಅವಳ ಲೆಕ್ಕ ಇಷ್ಟೇ: ಎಲ್ಲರೂ ಒಂದಷ್ಟು ಮನೆಗಳಲ್ಲಿ ಒಟ್ಟಿಗೆ ಇರೋಣ, ಊಟ ಹಂಚಿಕೊಳ್ಳೋಣ, ಕೆಲಸಕ್ಕೆ ಪಾಳಿ ಹಾಕೋಣ.

ಈ ಪಾಳಿ ಇದೆ ನೋಡಿ, ಇದೇ ನನಗೆ ಇಡೀ ಸೀರೀಸ್‌ನ ಜೀವ. ಅಡುಗೆ ಯಾರು? ಕಸ ಯಾರು? ಹೆರಿಗೆ ಆದ್ರೆ ಯಾರು? ಬೆಕ್ಕಾ ಅನ್ನೋ ಹುಡುಗಿ ಬಸುರಿ, ಊರಲ್ಲಿ ಒಬ್ಬ ಡಾಕ್ಟರೂ ಇಲ್ಲ. ಕೊನೆಗೆ ಕೆಲ್ಲಿ ಮತ್ತು ಗೋರ್ಡಿ ಅನ್ನೋ ಇಬ್ಬರು ಓದಿ, ಕಲಿತು, ಹೆದರ್ತಾ ಹೆದರ್ತಾ ಆ ಕೆಲಸಕ್ಕೆ ನಿಲ್ತಾರೆ. ಅದಕ್ಕೂ ಮುಂಚೆ ಕಾಡಿಗೆ ಹೋದ ಗುಂಪಿನಲ್ಲಿ ಒಬ್ಬ ಹುಡುಗಿ ಹಾವು ಕಚ್ಚಿ ಸತ್ತಿರ್ತಾಳೆ. ಔಷಧಿ ಸಿಗೋ ಊರಲ್ಲಿ ಬಹುಶಃ ಬದುಕ್ತಿದ್ದಳೇನೋ. ದೊಡ್ಡವರು ಹೋದಾಗ ಹೋಗಿದ್ದು ಬೈಯೋರು, ಕಾಯೋರು ಮಾತ್ರ ಅಲ್ಲ. ಕಾಣದ ಹಾಗೆ ನಡೀತಿದ್ದ ನೂರು ಕೆಲಸಗಳು ನಿಂತವು. ಮೃಗ ಆಗೋ ಪ್ರಶ್ನೆ ಆಮೇಲೆ. ಮೊದಲು ತೊಟ್ಟಿ ತುಂಬುತ್ತೆ, ಆ ಕಸ ಯಾರು ತೆಗೀತಾರೆ?

ಎರಡನೇದು, ತೂಗೋದು.

ಹಂಚಿಕೊಳ್ಳೋಣ ಅಂದ ತಕ್ಷಣ ಹ್ಯಾರಿಗೆ ಸಿಟ್ಟು. ದೊಡ್ಡ ಮನೆ ಅವನದು. ನಮ್ಮ ಮನೆಗೆ ಬೇರೆಯವರನ್ನ ಯಾಕೆ ಸೇರಿಸಬೇಕು ಅನ್ನೋದು ಅವನ ವಾದ. ಅವನನ್ನ ವಿಲನ್ ಅಂತ ತಳ್ಳಿಹಾಕೋದು ಸುಲಭ. ಆದ್ರೆ ಒಂದು ನಿಮಿಷ ಯೋಚಿಸಿ. ಮನೆಯವರು ಮಾಯ ಆಗಿದ್ದಾರೆ, ಅವರದು ಅಂತ ಉಳಿದಿರೋದು ಆ ಮನೆ ಮಾತ್ರ. ಅದನ್ನೂ ಕೊಡು ಅಂತಿದ್ದಾರೆ. ಮನೆಗೆ ಜನ ಬಂದ ಮೇಲೆ ಅವನು ಕುಸೀತಾನೆ, ಮಾತ್ರೆಗಳ ಚಟಕ್ಕೆ ಬೀಳ್ತಾನೆ, ಅದನ್ನ ಕೊಡೋ ಕ್ಯಾಂಪ್‌ಬೆಲ್‌ನ ಕೈಗೊಂಬೆ ಆಗ್ತಾನೆ. ನ್ಯಾಯವಾದ ನಿರ್ಧಾರವೂ ಒಬ್ಬರಿಗೆ ನಷ್ಟವೇ. ಆ ನಷ್ಟವನ್ನ ಪುಸ್ತಕದಲ್ಲಿ ಬರೀದೇ ಬಿಟ್ರೆ ಅದು ಮಾಯ ಆಗಲ್ಲ, ಬಡ್ಡಿ ಸೇರಿ ಬರುತ್ತೆ.

ಬಡ್ಡಿ ಬೇಗ ಬರುತ್ತೆ. ಪ್ರಾಮ್ ಡ್ಯಾನ್ಸಿನ ರಾತ್ರಿ ಕಸಾಂಡ್ರಾನ ಗುಂಡು ಹೊಡೆದು ಸಾಯಿಸ್ತಾರೆ. ಹೊಡೆದವನು ಡ್ಯೂಯಿ ಅನ್ನೋ ಹುಡುಗ. ಈಗ ಏನು ಮಾಡೋದು? ಪೊಲೀಸ್ ಇಲ್ಲ, ಜಡ್ಜ್ ಇಲ್ಲ, ಜೈಲಿಲ್ಲ. ಸಿನಿಮಾದಲ್ಲಿ ನೋಡಿದ ಹಾಗೆ ವಿಚಾರಣೆ ಮಾಡ್ತಾರೆ. ತಪ್ಪಿತಸ್ಥ ಅಂತ ತೀರ್ಮಾನ ಆಗುತ್ತೆ. ಇಲ್ಲಿವರೆಗೂ ಎಲ್ಲರಿಗೂ ಉತ್ಸಾಹ. ಶಿಕ್ಷೆ ಅಂದಾಗ ಗೊತ್ತಾಗುತ್ತೆ, ಜೀವನಪೂರ್ತಿ ಜೈಲಲ್ಲಿಡಬೇಕು ಅಂದ್ರೆ ಜೀವನಪೂರ್ತಿ ಅವನಿಗೆ ಊಟ ಹಾಕಬೇಕು, ಪಾಳಿ ಮೇಲೆ ಕಾಯಬೇಕು. ಸ್ಟಾಕ್ ರಿಜಿಸ್ಟರ್ ಬಂದು ನ್ಯಾಯಪೀಠದಲ್ಲಿ ಕೂತ್ಕೊಳ್ಳುತ್ತೆ. ಕಸಾಂಡ್ರಾ ತಂಗಿ ಆಲಿ ಈಗ ನಾಯಕಿ. ಮರಣದಂಡನೆಯ ನಿರ್ಧಾರ ಅವಳ ತಲೆ ಮೇಲೆ ಬರುತ್ತೆ. ಜೊತೆಯಲ್ಲೇ ಓದಿದ ಹುಡುಗನನ್ನ ಕಾಡಿಗೆ ಕರ್ಕೊಂಡು ಹೋಗ್ತಾರೆ.

ಆ ದೃಶ್ಯ ನೋಡೋಕೆ ಕಷ್ಟ. ಆದ್ರೆ ಗಮನಿಸಿ, ಗೋಲ್ಡಿಂಗ್ ಹುಡುಗರ ಥರ ಇವರು ಮುಖಕ್ಕೆ ಬಣ್ಣ ಬಳಿದುಕೊಂಡು ಕೂಗ್ತಾ ಓಡಲಿಲ್ಲ. ನಿಯಮದ ಪ್ರಕಾರ ಸಾಯಿಸಿದ್ರು. ಅಂದ್ರೆ ಕಾಡುಮನುಷ್ಯರಾಗಲಿಲ್ಲ, ದೊಡ್ಡವರಾದ್ರು. ಪ್ರಾಮ್, ಥ್ಯಾಂಕ್ಸ್‌ಗಿವಿಂಗ್ ಊಟ, ಕೋರ್ಟು, ಮರಣದಂಡನೆ, ಎಲೆಕ್ಷನ್ನು, ಎಲ್ಲವೂ ಅಪ್ಪ ಅಮ್ಮಂದಿರ ಕಪಾಟಿನಿಂದ ತೆಗೆದ ಬಟ್ಟೆಗಳೇ. ಕೆಲವು ಅಳತೆ ಸರಿಹೋಗುತ್ತೆ, ಕೆಲವು ಕತ್ತು ಹಿಸುಕುತ್ತೆ.

ಮೂರನೇದು, ಪಾಲು ಮಾಡೋದು. ಈ ಪದಕ್ಕೆ ಎರಡು ಮುಖ. ಹಂಚಿದ್ರೂ ಪಾಲೇ, ಒಡೆದ್ರೂ ಪಾಲೇ.

ಆಲಿಗೆ ಕಾವಲು ಪಡೆ ಬೇಕಾಗುತ್ತೆ. ಪಡೆ ಯಾರು? ಫುಟ್‌ಬಾಲ್ ಟೀಮಿನ ಹುಡುಗರು. ಗಟ್ಟಿಮುಟ್ಟಾಗಿದ್ದಾರೆ, ಹೇಳಿದ ಮಾತು ಕೇಳ್ತಾರೆ, ಸಾಕು. ಊರಿನ ಹುಡುಗಿಯರಿಗೆ ರಾತ್ರಿ ಓಡಾಡೋಕೆ ಭಯ ಇದ್ದಿದ್ದು ಯಾರಿಂದ, ಈಗ ಕಾಯೋರು ಯಾರು ಅಂತ ಕೇಳೋಕೆ ಯಾರಿಗೂ ಪುರುಸೊತ್ತಿಲ್ಲ. ಇನ್ನೊಂದು ಕಡೆ ಲೆಕ್ಸಿ ಅನ್ನೋ ಹುಡುಗಿ ಒಂದು ಪ್ರಶ್ನೆ ಎತ್ತುತ್ತಾಳೆ. ಆಲಿಗೆ ಓಟು ಹಾಕಿದವರು ಯಾರು? ಉತ್ತರ: ಯಾರೂ ಇಲ್ಲ. ಅಕ್ಕ ಸತ್ತಳು, ತಂಗಿ ಬಂದಳು. ಆಲಿ ಒಳ್ಳೆಯವಳು, ಪ್ರಾಮಾಣಿಕಳು. ಆದ್ರೆ ನಿರ್ಧಾರ ಆಗೋದು ನಾಲ್ಕೈದು ಜನ ಕೂತ ಕೋಣೆಯಲ್ಲಿ. ಉಳಿದವರಿಗೆ ತಲುಪೋದು ಆರ್ಡರ್ ಮಾತ್ರ.

ಗ್ರಿಜ್ ಅನ್ನೋ ಹುಡುಗನ ಗುಂಪು ಕಾಡು ದಾಟಿ ಹೋಗಿ ಬೇಸಾಯಕ್ಕೆ ಆಗೋ ಜಾಗ ಹುಡುಕಿ ಬರುತ್ತೆ. ಕೊನೆಗೂ ಪರ್ಚೇಸ್ ಕಾಲಂನಲ್ಲಿ ಏನಾದ್ರೂ ಬರೆಯೋ ಆಸೆ. ಅವರು ವಾಪಸ್ ಬರೋ ಹೊತ್ತಿಗೆ ಊರಲ್ಲಿ ಆಟ ಬದಲಾಗಿದೆ. ಕ್ಯಾಂಪ್‌ಬೆಲ್ ಕಾವಲು ಹುಡುಗರ ಕಿವಿ ಊದಿದ್ದಾನೆ. ಎಲೆಕ್ಷನ್ ಕದಿಯೋಕೆ ಹೊರಟಿದ್ದಳು ಅನ್ನೋ ಆರೋಪ ಹೊರಿಸಿ ಆಲಿಯನ್ನೇ ಹಿಡಿದಿದ್ದಾರೆ. ಜನ ನಂಬ್ತಾರೆ. ಯಾಕೆ ನಂಬ್ತಾರೆ? ಸುಳ್ಳು ಅಂತ ತೋರಿಸೋಕೆ ಅವರ ಕೈಯಲ್ಲಿ ಯಾವ ಪುಸ್ತಕವೂ ಇಲ್ಲ. ಲೆಕ್ಕ ಸರಿ ಇದ್ರೆ ಸಾಲದು, ಕೇಳಿದವರಿಗೆ ತೆರೆದು ತೋರಿಸೋ ಹಾಗಿರಬೇಕು. ಆಡಿಟ್ ಅಂತ ನಾವು ಬೋರಾಗಿ ಓದಿದ್ವಲ್ಲ, ಅದು ಇದೇ.

ಈಗ ಕಥೆಯಿಂದ ಹೊರಗೆ ಬರೋಣ. ಇಂಥದ್ದು ನಿಜವಾಗಿ ನಡೆದಿದೆ. 1965ರಲ್ಲಿ ಪೆಸಿಫಿಕ್ ಸಾಗರದ ಟೊಂಗಾ ದೇಶದಲ್ಲಿ ಬೋರ್ಡಿಂಗ್ ಶಾಲೆಯ ಆರು ಹುಡುಗರು ಬೇಜಾರಾಗಿ ಒಂದು ದೋಣಿ ಕದ್ದು ಹೊರಟ್ರು. ಬಿರುಗಾಳಿಗೆ ಸಿಕ್ಕು, ದಿನಗಟ್ಟಲೆ ತೇಲಿ, 'ಆಟಾ ಅನ್ನೋ ನಿರ್ಜನ ದ್ವೀಪ ಸೇರಿದ್ರು. 1966ರ ಸೆಪ್ಟೆಂಬರ್‌ನಲ್ಲಿ ಪೀಟರ್ ವಾರ್ನರ್ ಅನ್ನೋ ಆಸ್ಟ್ರೇಲಿಯಾದ ಹಡಗಿನವರು ಅವರನ್ನ ಕಂಡಾಗ ಸುಮಾರು 15 ತಿಂಗಳಾಗಿತ್ತು. ಆರೂ ಜನ ಬದುಕಿದ್ರು. ಇಬ್ಬಿಬ್ಬರ ಜೋಡಿ ಮಾಡ್ಕೊಂಡು ತೋಟ, ಅಡುಗೆ, ಕಾವಲು ಅಂತ ಪಾಳಿ ಹಾಕಿದ್ರು. ಹಚ್ಚಿದ ಬೆಂಕಿ ಆರೋಕೆ ಬಿಟ್ಟಿರಲಿಲ್ಲ. ಜಗಳ ಆದ್ರೆ ಆಡಿದವರು ದೂರ ಹೋಗಿ ತಣ್ಣಗಾಗಿ ಬರಬೇಕಿತ್ತು. ಒಬ್ಬನ ಕಾಲು ಮುರಿದಾಗ ಕಡ್ಡಿ, ಎಲೆ ಕಟ್ಟಿ ಕೂರಿಸಿದ್ರು, ಅವನ ಕೆಲಸ ಉಳಿದವರು ಹಂಚಿಕೊಂಡ್ರು. ಡಚ್ ಲೇಖಕ ರಟ್ಗರ್ ಬ್ರೆಗ್‌ಮನ್ 2020ರಲ್ಲಿ ಈ ಕಥೆಯನ್ನ ಮತ್ತೆ ಬರೆದ ಮೇಲೆ ಪ್ರಪಂಚವೆಲ್ಲ ಇದನ್ನ ಗೋಲ್ಡಿಂಗ್‌ಗೆ ಉತ್ತರ ಅಂತ ಹಂಚಿಕೊಳ್ತು.

ಹಾಗಾದ್ರೆ ಮನುಷ್ಯ ಒಳ್ಳೆಯವನು, ಕೇಸ್ ಕ್ಲೋಸಾ? ನಾನು ಅಷ್ಟು ಬೇಗ ಫೈಲ್ ಮುಚ್ಚಲ್ಲ. ಅವರು ಆರು ಜನ, ಗೆಳೆಯರು. ಬಂದೂಕಿಲ್ಲ. ಯಾರಿಗೂ ಅಪ್ಪನ ಬಂಗಲೆ ಇಲ್ಲ. ಮುಖ್ಯವಾಗಿ, ಎಷ್ಟು ಕಾಯಿ ಉಳಿದಿದೆ, ಇವತ್ತು ಬೆಂಕಿ ಕಾಯೋ ಪಾಳಿ ಯಾರದ್ದು ಅನ್ನೋದು ಆರೂ ಜನಕ್ಕೆ ಕಣ್ಣೆದುರೇ ಇತ್ತು. ವೆಸ್ಟ್ ಹ್ಯಾಮ್‌ನಲ್ಲಿ ನೂರಾರು ಜನ. ಅಲ್ಲಿ ಕಣ್ಣೆದುರು ಇಲ್ಲದ್ದನ್ನ ಕಾಗದದ ಮೇಲೆ ತರಬೇಕು. ತರದೇ ಹೋದಾಗ ಆ ಜಾಗಕ್ಕೆ ಬಂದೂಕು ಬಂತು. ನನಗೆ ಕಂಡ ವ್ಯತ್ಯಾಸ ಇಷ್ಟೇ. ಒಳ್ಳೆಯವರು ಕೆಟ್ಟವರು ಎರಡು ಕಡೆಯೂ ಸಿಗ್ತಾರೆ.

ಇನ್ನೊಂದು ವಿಷಯ. ಈ ಸೀರೀಸ್ ಮಾಡಿದ ಕ್ರಿಸ್ಟೋಫರ್ ಕೀಸರ್ ಅವರಿಗೆ ಈ ಪ್ರಶ್ನೆ ಹೊಸದಲ್ಲ. 1994ರಲ್ಲಿ ಏಮಿ ಲಿಪ್‌ಮನ್ ಜೊತೆ 'ಪಾರ್ಟಿ ಆಫ್ ಫೈವ್' ಮಾಡಿದವರು ಅವರೇ. ಅಪಘಾತದಲ್ಲಿ ಅಪ್ಪ ಅಮ್ಮನನ್ನ ಕಳಕೊಂಡ ಐದು ಅಣ್ಣತಮ್ಮ ಅಕ್ಕತಂಗಿಯರ ಮನೆ ಕಥೆ. 2020ರಲ್ಲಿ ಅದೇ ಕಥೆ ಹೊಸ ರೂಪದಲ್ಲಿ ಬಂದಾಗ ಅಪ್ಪ ಅಮ್ಮ ಸತ್ತಿರಲಿಲ್ಲ. ಅಮೆರಿಕ ಸರ್ಕಾರ ಅವರನ್ನ ಮೆಕ್ಸಿಕೋಗೆ ಗಡೀಪಾರು ಮಾಡಿತ್ತು. ಹಿಂದೆ ಉಳಿದ ಮಕ್ಕಳು ಕೈಗೂಸನ್ನೂ ಸಾಕಬೇಕು, ಮನೆಯ ಹೋಟೆಲ್ಲನ್ನೂ ನಡೆಸಬೇಕು. ಅಲ್ಲಿ ಮಾಯ ಮಂತ್ರ ಏನೂ ಇಲ್ಲ. ದೊಡ್ಡವರಿಲ್ಲದ ಮನೆ ಆಗೋಕೆ ಒಂದು ಸರ್ಕಾರಿ ಕಾಗದ ಸಾಕು.

'ದಿ ಸೊಸೈಟಿ' ಮುಂದೇನಾಯ್ತು? ಎರಡನೇ ಸೀಸನ್ ಮಾಡ್ತೀವಿ ಅಂತ ನೆಟ್‌ಫ್ಲಿಕ್ಸ್ ಹೇಳಿತ್ತು. 2020ರ ಆಗಸ್ಟ್‌ನಲ್ಲಿ ಕೋವಿಡ್ ಕಾರಣ ಕೊಟ್ಟು ಕೈಬಿಡ್ತು. ಊರೊಳಗೆ ಬಂದಿಯಾದ ಮಕ್ಕಳ ಕಥೆಯನ್ನ, ಜನರೆಲ್ಲ ಮನೆಯೊಳಗೆ ಬಂದಿಯಾಗಿದ್ದ ವರ್ಷ ನಿಲ್ಲಿಸಿಬಿಟ್ರು. ಆ ಮಕ್ಕಳು ಎಲ್ಲಿಗೆ ಹೋದ್ರು, ವಾಪಸ್ ಬರ್ತಾರಾ, ಯಾವುದಕ್ಕೂ ಉತ್ತರ ಇಲ್ಲ. ಆ ಸಿಟ್ಟು ಅಭಿಮಾನಿಗಳಿಗೆ ಇನ್ನೂ ಇದೆ. ನನಗೂ ಇದೆ. ಆದ್ರೂ ನೋಡಿ ಅಂತೀನಿ. ಎಲ್ಲಿಗೆ ಹೋದ್ರು ಅನ್ನೋದಕ್ಕಿಂತ ಅಲ್ಲಿ ಹೇಗೆ ಬದುಕಿದ್ರು ಅನ್ನೋದೇ ಅದರ ಕಥೆ, ಅದು ಹತ್ತು ಎಪಿಸೋಡಲ್ಲಿ ಸಿಗುತ್ತೆ.

ನೋಡೋವಾಗ ಒಂದು ಕೆಲಸ ಮಾಡಿ. ಕೊಲೆಗಾರ ಯಾರು ಅಂತ ಹುಡುಕೋದು ಸ್ವಲ್ಪ ಪಕ್ಕಕ್ಕಿಟ್ಟು, ಪ್ರತಿ ಎಪಿಸೋಡಲ್ಲೂ ಅಡುಗೆ ಯಾರು ಮಾಡ್ತಿದ್ದಾರೆ, ಬಾಗಿಲಲ್ಲಿ ಯಾರು ನಿಂತಿದ್ದಾರೆ, ಪಟ್ಟಿ ಯಾರ ಕೈಯಲ್ಲಿದೆ ಅಂತ ನೋಡ್ತಾ ಹೋಗಿ. ಆಮೇಲೆ ನಿಮ್ಮ ರೂಮಲ್ಲೂ ನೋಡಿ. ನಮ್ಮಲ್ಲಿ ತುಂಬ ಜನ ಈಗಾಗಲೇ ದೊಡ್ಡವರಿಲ್ಲದ ಮನೆಯಲ್ಲೇ ಇದ್ದೀವಿ. ಮೂರು ಜನ, ಎರಡು ರೂಮು, ಒಂದು ಗ್ಯಾಸ್ ಸಿಲಿಂಡರ್. ಸಿಲಿಂಡರ್ ಬುಕ್ ಮಾಡೋದು ಯಾವಾಗಲೂ ಒಬ್ಬರೇನಾ? ಹಾಗಿದ್ರೆ ಇವತ್ತೇ ಒಂದು ಹಾಳೆ ತಗೊಂಡು ಯಾರ ಕೆಲಸ ಏನು ಅಂತ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಜಗಳ ಆಗುತ್ತೆ. ಆಗಲಿ. ಹಾಳೆ ಇಟ್ಕೊಂಡು ಆಡೋ ಜಗಳ, ಹಾಳೆ ಇಲ್ಲದ ಮೌನಕ್ಕಿಂತ ವಾಸಿ.

ಪಾತ್ರೆ ತೊಳೀತಿದ್ದೋರೇ, ಮುಗೀತಾ? ನಾಳೆ ಪಾಳಿ ಯಾರದ್ದು ಅಂತ ಈಗಲೇ ಕೇಳಿಬಿಡಿ. ಮುಂದಿನ ವಾರ ಸಿಗೋಣ.