ವಾಟ್ಸನ್ನನ ಕಬ್ಬಿಣದ ಕಟ್ಟಡ

ಹಲವು ವರ್ಷಗಳ ಹಿಂದೆ, ಮನೆಬಾಡಿಗೆಯ ವ್ಯಾಜ್ಯವೊಂದರ ಕಾಗದಗಳನ್ನು ಕಂಕುಳಲ್ಲಿರಿಸಿಕೊಂಡು, ಮುಂಬಯಿಯ ಕಾಲಾ ಘೋಡಾದ ಬಳಿಯ ಎಸ್‌ಪ್ಲನೇಡ್ ಮ್ಯಾನ್ಶನ್ನಿನ ಮೆಟ್ಟಿಲುಗಳನ್ನು ನಾನು ಹತ್ತಿದ್ದೆ. ವಕೀಲರು ನ್ಯಾಯಾಲಯದಿಂದ ಇನ್ನೂ ಮರಳಿರಲಿಲ್ಲ. ಹಲಗೆಯ ಗೋಡೆಗಳ ಇಕ್ಕಟ್ಟಿನಲ್ಲಿ ಕುಳಿತಿದ್ದ ಅವರ ವೃದ್ಧ ಗುಮಾಸ್ತರು ನನ್ನ ಬೇಸರವನ್ನು ಗಮನಿಸಿರಬೇಕು. ಬೀಗದ ಕೈಯಿಂದ ಪಕ್ಕದ ಕಂಬವನ್ನು ಮೆಲ್ಲನೆ ತಟ್ಟಿದರು. ಕಲ್ಲಿನದೆಂದು ನಾನು ಬಗೆದಿದ್ದ ಕಂಬ ಗಂಟೆಯಂತೆ ದನಿಗೊಟ್ಟಿತು. ಬಣ್ಣದ ಪದರಗಳ ಕೆಳಗಿದ್ದುದು ಎರಕದ ಕಬ್ಬಿಣ!

ಅಮೆರಿಕದ ಅಂತರ್ಯುದ್ಧದಿಂದಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದೆ ಹೋದಾಗ ಮುಂಬಯಿಯಲ್ಲಿ ಹಣ ಹೊಳೆಯಾಗಿ ಹರಿಯಿತು. ಆ ಹೊಳೆಗೆ ನಮ್ಮ ಧಾರವಾಡ ಸೀಮೆಯ ಹತ್ತಿಯೂ ಕೂಡಿತ್ತೆಂಬುದನ್ನು ಮರೆಯಲಾಗದು. ಕೋಟೆಯ ಗೋಡೆಗಳನ್ನು ಕೆಡವಿ ತೆರವಾದ ನೆಲದಲ್ಲಿ, 1864ರಲ್ಲಿ, ಜಾನ್ ವಾಟ್ಸನ್ ಎಂಬ ಜವಳಿ ವ್ಯಾಪಾರಿ ನಿವೇಶನವೊಂದನ್ನು ಹಿಡಿದ. ರೋಲೆಂಡ್ ಮೇಸನ್ ಆರ್ಡಿಶ್ ಎಂಬ ಇಂಜಿನಿಯರನು ನಕ್ಷೆ ಬರೆದ. ಕಂಬ, ತೊಲೆಗಳೆಲ್ಲ ಇಂಗ್ಲೆಂಡಿನಲ್ಲಿಯೇ ಸಿದ್ಧಗೊಂಡು ಹಡಗಿನಲ್ಲಿ ಬಂದವು. 1867ರಿಂದ 1869ರವರೆಗೆ ಅವನ್ನು ಇಲ್ಲಿ ಜೋಡಿಸಿ ನಿಲ್ಲಿಸಲಾಯಿತು. ಭಾರವನ್ನೆಲ್ಲ ಹೊರುವುದು ಕಬ್ಬಿಣ. ಇಟ್ಟಿಗೆಯದು ನಡುವಿನ ತೆರವನ್ನು ತುಂಬುವ ಕೆಲಸವಷ್ಟೆ. ಗಗನಚುಂಬಿಗಳ ಮೂಲಪುರುಷನೆಂದು ಹೊಗಳಿಸಿಕೊಂಡ ಶಿಕಾಗೋದ ಹೋಮ್ ಇನ್ಶೂರೆನ್ಸ್ ಕಟ್ಟಡ ಮುಗಿದದ್ದು 1885ರಲ್ಲಿ.

ಈ ಕಟ್ಟಡ ವಾಟ್ಸನ್ ಹೋಟೆಲೆಂದು ಪ್ರಸಿದ್ಧವಾಯಿತು. 1896ರ ಜುಲೈ 7ರಂದು ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ನಮ್ಮ ದೇಶದಲ್ಲಿ ಮೊತ್ತಮೊದಲಿಗೆ ತೋರಿಸಿದ್ದು ಇಲ್ಲಿಯೇ. ಜಮ್‌ಶೇಟ್‌ಜಿ ಟಾಟಾ ಅವರಿಗೆ ಇಲ್ಲಿ ಪ್ರವೇಶ ದೊರೆಯಲಿಲ್ಲ, ಆ ಅವಮಾನದಿಂದಲೇ ತಾಜಮಹಲ್ ಹೋಟೆಲು ಹುಟ್ಟಿತು ಎಂಬ ಕಥೆಯೂ ಉಂಟು. ಗುಮಾಸ್ತರು ಅದನ್ನು ಕಣ್ಣಾರೆ ಕಂಡವರಂತೆ ಹೇಳಿದರು. ನಾನು ಅದನ್ನು ಕಥೆಯೆಂದೇ ಎಣಿಸುತ್ತೇನೆ. ಆದರೆ 1903ರಲ್ಲಿ ತಾಜ್ ತೆರೆದ ಬಳಿಕ ವಾಟ್ಸನ್ನನ ಹೋಟೆಲಿನ ಕಳೆ ಮತ್ತೆ ಮರಳಲಿಲ್ಲವೆಂಬುದು ಮಾತ್ರ ನಿಜ.

ಹೋಟೆಲು ಹೋಗಿ ಬಾಡಿಗೆಯ ಕೋಣೆಗಳು ಬಂದವು. ಕೋಣೆಯೊಳಗೆ ಕೋಣೆ, ಅದರೊಳಗೆ ಮತ್ತೊಂದು. ನ್ಯಾಯಾಲಯ ಸಮೀಪವಾದ್ದರಿಂದ ವಕೀಲರು ಅನೇಕರು ಸೇರಿಕೊಂಡರು. ಬಾಡಿಗೆ ನಿಯಂತ್ರಣದ ಕಾನೂನಿನಿಂದ ಬಾಡಿಗೆ ಏರದು. ಏರದ ಬಾಡಿಗೆಯಲ್ಲಿ ದುರಸ್ತಿಯಾಗದು. ದುರಸ್ತಿಯಾಗದ ಮನೆಯನ್ನು ಬಿಟ್ಟು ಹೋಗಲು ಯಾರೂ ಒಪ್ಪರು. ಬಾಡಿಗೆಯ ವ್ಯಾಜ್ಯಕ್ಕೆಂದು ಅಲ್ಲಿಗೆ ಹೋಗಿದ್ದ ನನಗೆ ಈ ಮಾತು ಬೇರೆಯವರಿಗಿಂತ ತುಸು ಬೇಗ ಅರ್ಥವಾಯಿತು.

2005ರಲ್ಲಿ ಮೊಗಸಾಲೆಯ ಒಂದು ಭಾಗ ಬೀದಿಗೆ ಕುಸಿದು ಒಬ್ಬರು ಪ್ರಾಣ ತೆತ್ತರು. ಮರುವರ್ಷದ ಪಟ್ಟಿಯಲ್ಲಿ ವಿಶ್ವ ಸ್ಮಾರಕ ನಿಧಿಯವರು ಇದನ್ನು ಅಪಾಯದಲ್ಲಿರುವ ನೂರು ಸ್ಮಾರಕಗಳ ಸಾಲಿಗೆ ಸೇರಿಸಿದರು. 2019ರಲ್ಲಿ ಬಾಡಿಗೆದಾರರನ್ನೆಲ್ಲ ತೆರವುಗೊಳಿಸಲಾಯಿತು. ಮುಂಬಯಿಯ ಐಐಟಿಯ ತಜ್ಞರು ಕೆಡವುವುದೇ ಲೇಸೆಂದರು. ಸಂರಕ್ಷಣೆಯ ಪರಿಣತರು ಉಳಿಸಬಹುದೆಂದರು. ಬೀದಿಯಲ್ಲಿ ನಡೆಯುವವನ ತಲೆಗಿಂತ ಹಿರಿದಾದ ಸ್ಮಾರಕವಿಲ್ಲ, ಅದನ್ನು ನಾನು ಅಲ್ಲಗಳೆಯಲಾರೆ. ಆದರೂ ನನ್ನ ಮನಸ್ಸು ಉಳಿಸುವವರ ಕಡೆಗೇ ಇದೆ. ಕೂಡಿಸಿ ನಿಲ್ಲಿಸಿದ ಕಟ್ಟಡವಿದು. ಕೆಟ್ಟ ಭಾಗವನ್ನು ಕಳಚಿ ಹೊಸತನ್ನು ತೊಡಿಸುವ ದಾರಿಯನ್ನು ಇತರ ಕಟ್ಟಡಗಳಿಗಿಂತ ಇದೇ ಹೆಚ್ಚಾಗಿ ತೆರೆದಿಟ್ಟಿದೆ. ಮುಂಭಾಗದ ಚೆಲುವನ್ನಷ್ಟೇ ಕಾಪಾಡಿ ಒಳಗಿನ ಅಸ್ಥಿಪಂಜರವನ್ನು ಗುಜರಿಗೆ ಹಾಕಿದರೆ ಉಳಿಸಿದ್ದಾದರೂ ಏನು?

ನನ್ನ ವ್ಯಾಜ್ಯ ಕೊನೆಗೆ ರಾಜಿಯಲ್ಲಿ ಮುಗಿಯಿತು. ವಕೀಲರ ಮುಖ ಈಗ ನೆನಪಿಗೆ ಬಾರದು. ನೆನಪಿರುವುದು ಆ ಕಂಬ. ಬಂದವರಿಗೆಲ್ಲ ಗುಮಾಸ್ತರು ಬೀಗದ ಕೈಯಿಂದ ತಟ್ಟಿ ತೋರಿಸಿ, ಒಂದೆಡೆ ಬಣ್ಣವೆಲ್ಲ ಸವೆದು, ರೂಪಾಯಿಯ ಅಗಲದಷ್ಟು ಕರಿಯ ಕಬ್ಬಿಣ ಹೊಳೆಯುತ್ತಿತ್ತು.